ದಾಕ್ಷಾಯಣಿ ಯಾರಿಗೂ ಕೊಡದ ಪಟ್ಟಿ

ಒಂದು ನಿಮಿಷ, ಪುಟ ತಿರುಗಿಸಬೇಡಿ. ಇದನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಬೇಕಾದರೆ ಸಿನಿಮಾ ಪುಟಕ್ಕೆ ಹೋಗಿ. ಯಾಕೆಂದರೆ ನೀವು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಾಗಿದ್ದು, ಕಳೆದ ಮೂರು ವರ್ಷದಲ್ಲಿ ನಿಮ್ಮ ಮನೆಯವರಿಗೆ ಯಾರಿಗಾದರೂ ಅರ್ಜೆಂಟಾಗಿ ರಕ್ತ ಬೇಕಾಗಿ, ಎಲ್ಲಿಂದಲೋ ಒಬ್ಬ ಗುರುತಿಲ್ಲದ ಮನುಷ್ಯ ಬಂದು ತೋಳು ಚಾಚಿ ಕೊಟ್ಟು ಹೋಗಿದ್ದರೆ, ಆ ಮನುಷ್ಯನನ್ನು ಕಳಿಸಿದ್ದು ಬಹುಶಃ ಗುಬ್ಬಿಯ ಈ ಹೆಂಚಿನ ಮನೆಯ ಅಡುಗೆಕೋಣೆ ಪಕ್ಕದ ಎಂಟು ಅಡಿ ರೂಮು. ಆ ರೂಮಿಗೆ ಕನ್ನ ಹಾಕಲು ದಿನಾ ಸಾವಿರ ಜನ ಪ್ರಯತ್ನ ಪಡುತ್ತಾರೆ. ತಡೆಯುವವರು ಒಬ್ಬರೇ. ಅವರ ಕೈಯಲ್ಲಿ ದೊಣ್ಣೆಯೂ ಇಲ್ಲ.

ಬೆಳಗಿನ ಐದೂವರೆ. ಹೊರಗೆ ಎಪ್ಪತ್ತೆರಡರ ಬಸವಲಿಂಗಮ್ಮ ಅಂಗಳಕ್ಕೆ ನೀರು ಎರಚುತ್ತಿದ್ದಾರೆ. ಒಳಗೆ ಸೊಸೆ ದಾಕ್ಷಾಯಣಿ, ವಯಸ್ಸು ನಲವತ್ತನಾಲ್ಕು, ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆ ಪೂರ್ತಿ ಕಪ್ಪು. ಅದರ ಮೇಲೆ ಬಿಳಿ ಅಕ್ಷರದ ಸಾಲುಗಳು ಇರುವೆ ಸಾಲಿನ ಹಾಗೆ ಮೇಲಕ್ಕೆ ಹರಿಯುತ್ತಿವೆ. ಪ್ರತಿ ಸಾಲೂ ಒಂದೊಂದು ಸೋತ ಪ್ರಯತ್ನ. ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ, ಯಾವ ಹೆಸರು ಹೇಳಿಕೊಂಡು ಒಳಗೆ ನುಗ್ಗಲು ನೋಡಿದರು ಎಂಬುದೆಲ್ಲ ಅದರಲ್ಲಿದೆ.

"ಏನೇ ದಾಕ್ಷಿ, ಇವತ್ತೆಷ್ಟು ಜನ ಕಳ್ರು?" ಹೊರಗಿಂದ ಅತ್ತೆಯ ದನಿ.

"ಸಾವಿರದ ನೂರ ನಲವತ್ತು ಅತ್ತೆ."

"ನೆನ್ನೆಗಿಂತ ಕಡ್ಮೆ ಆಯ್ತು. ಅವ್ರೂರಲ್ಲಿ ಏನೋ ಹಬ್ಬ ಇರ್ಬೇಕು ಬುಡು."

ಅವರೂರು ಯಾವುದು ಎಂದು ದಾಕ್ಷಾಯಣಿಗೂ ಗೊತ್ತಿಲ್ಲ. ಕೆಲವು ವಿಳಾಸ ಚೀನಾದ್ದು, ಕೆಲವು ಬ್ರೆಜಿಲ್‌ದು, ಕೆಲವು ಎಲ್ಲಿಯದೆಂದು ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಮನುಷ್ಯರು ಕೂತು ಟೈಪ್ ಮಾಡುವುದಿಲ್ಲ. ಕಂಪ್ಯೂಟರುಗಳೇ ಪ್ರಪಂಚದಲ್ಲಿ ತೆರೆದಿರುವ ಬಾಗಿಲು ಹುಡುಕಿಕೊಂಡು ಬಂದು ರೂಟ್, ಅಡ್ಮಿನ್, ಟೆಸ್ಟ್, ಗೆಸ್ಟ್ ಎಂದು ಸಿಕ್ಕ ಸಿಕ್ಕ ಹೆಸರು ಹೇಳಿ ಬಾಗಿಲು ತಳ್ಳುತ್ತವೆ. ಗುಬ್ಬಿ ಎಂಬ ಊರಿದೆ ಎಂಬುದೂ ಅವಕ್ಕೆ ತಿಳಿಯದು. "ಅವಕ್ಕೆ ನಮ್ಮೇಲೆ ದ್ವೇಷ ಏನಿಲ್ಲ. ಸಂತೇಲಿ ಜೇಬು ಮುಟ್ಟಿ ನೋಡ್ತಾರಲ್ಲ, ಹಂಗೆ," ಎನ್ನುತ್ತಾರೆ ದಾಕ್ಷಾಯಣಿ. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಪೆನ್ಸಿಲ್‌ನಿಂದ 1140 ಎಂದು ಬರೆದು ದೋಸೆ ಹಿಟ್ಟು ಕಲಸಲು ಎದ್ದು ಹೋಗುತ್ತಾರೆ.

ಅವರು ಕಾಯುತ್ತಿರುವುದು ಒಂದು ಪಟ್ಟಿಯನ್ನು. 1,862 ರಕ್ತದಾನಿಗಳ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರು. ಅದರಲ್ಲಿ 611 ಹೆಂಗಸರು. ಮೂರು ತಾಲ್ಲೂಕಿನಲ್ಲಿ ಹನ್ನೊಂದು ಜನ ಕಾರ್ಯಕರ್ತರಿದ್ದಾರೆ. ಆಸ್ಪತ್ರೆಯಿಂದ ಕರೆ ಬಂದರೆ ಅವರು ತಮ್ಮ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಹತ್ತಿರದ ದಾನಿಯನ್ನು ಹುಡುಕಿ, ತಾವೇ ಫೋನ್ ಮಾಡಿ ಕಳಿಸುತ್ತಾರೆ. ರೋಗಿಯ ಕಡೆಯವರಿಗೆ ದಾನಿಯ ನಂಬರು ಹೋಗುವುದಿಲ್ಲ. ಅದು ಇಲ್ಲಿಯ ನಿಯಮ, ಒಂದೇ ನಿಯಮ.

ಈ ನಿಯಮ ಕಂಪ್ಯೂಟರಿಗಿಂತ ಹಳೆಯದು. 1993ರಲ್ಲಿ ಮದುವೆಯಾಗಿ ಗುಬ್ಬಿಗೆ ಬಂದ ದಾಕ್ಷಾಯಣಿ ಆರೇ ತಿಂಗಳಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ತೆರೆದರು. ಗಂಡ ಮಹಾದೇವಯ್ಯ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ಅತ್ತೆಗೆ ಸೊಸೆ ಅಂಗಡಿಯಲ್ಲಿ ಕೂರುವುದು ಇಷ್ಟವಿರಲಿಲ್ಲ. "ಹೆಣ್ಮಗ್ಳು ಫೋನ್ ಮಾರ್ಕೊಂಡು ಕೂತವ್ಳೆ ಅಂತಾರೆ ಅಂದೆ. ಅದುಕ್ಕಿವಳು, ಫೋನ್ ಮಾರಲ್ಲ ಅತ್ತೆ, ಮಾತ್ ಮಾರ್ತೀನಿ ಅಂದ್ಳು. ನಾನ್ ಬಾಯ್ ಮುಚ್ಕೊಂಡೆ," ಎಂದು ಬಸವಲಿಂಗಮ್ಮ ಈಗ ಜಂಬದಿಂದಲೇ ಹೇಳುತ್ತಾರೆ.

ಗಾಜಿನ ಡಬ್ಬಿಯೊಳಗೆ ನಿಂತು ಜನ ಏನೇನು ಮಾತಾಡುತ್ತಿದ್ದರು! ಕೂಡಿಬಂದ ಸಂಬಂಧ, ಮುರಿದ ಸಂಬಂಧ, ಯಾರಿಗೂ ಗೊತ್ತಾಗದ ಕಾಯಿಲೆ, ಓಡಿಹೋಗುವ ಪ್ಲಾನು. ಗಾಜು ತೆಳ್ಳಗೆ, ಲೈನು ಕೆಟ್ಟದ್ದು, ಎಲ್ಲರೂ ಕೂಗಿಯೇ ಮಾತಾಡಬೇಕು. ದಾಕ್ಷಾಯಣಿಗೆ ಎಲ್ಲ ಕೇಳುತ್ತಿತ್ತು. ಹನ್ನೆರಡು ವರ್ಷ ಕೇಳಿದರು, ಹನ್ನೆರಡು ವರ್ಷ ಒಂದು ಮಾತೂ ಹೊರಗೆ ಹಾಕಲಿಲ್ಲ. "ಒಂದ್ ಸಲ ಬಾಯ್ ಬಿಟ್ರೆ ಆಮೇಲ್ ಯಾರ್ ಬರ್ತಾರೆ ನಮ್ ಬೂತಿಗೆ? ವ್ಯಾಪಾರ ಅಲ್ವಾ," ಎಂದು ನಗುತ್ತಾರೆ. ಆದರೆ ಅದು ಬರೀ ವ್ಯಾಪಾರ ಆಗಿರಲಿಲ್ಲ ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತದೆ.

ರಕ್ತಕ್ಕಾಗಿ ಪರದಾಡುತ್ತಾ ಬಂದವರು ಒಂದಾದ ಮೇಲೊಂದು ನಂಬರ್ ತಿರುಗಿಸಿ ಸೋತು ಬೂತಿನ ಮೆಟ್ಟಿಲ ಮೇಲೆ ಕೂತು ಅಳುವುದನ್ನು ನೋಡಿ, ದಾಕ್ಷಾಯಣಿ ಒಂದು ನೋಟ್‌ಬುಕ್ಕಿನಲ್ಲಿ ಕೊಡುವವರ ಹೆಸರು ಬರೆಯಲು ಶುರು ಮಾಡಿದರು. ಮೊಬೈಲು ಬಂದು ಬೂತಿನ ಕಥೆ ಮುಗಿಯುವ ಹೊತ್ತಿಗೆ ನೋಟ್‌ಬುಕ್ ನಾಲ್ಕಾಗಿದ್ದವು. ತುಮಕೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಸೇರಿದಾಗ ಅವರಿಗೆ ಮೂವತ್ತೊಂಬತ್ತು. ಕ್ಲಾಸಿನಲ್ಲಿ ಮಿಕ್ಕವರೆಲ್ಲ ಪಿಯುಸಿ ಮುಗಿಸಿದವರು, ಇವರನ್ನು ಆಂಟಿ ಎನ್ನುತ್ತಿದ್ದರು. ಅಲ್ಲೇ ಸಿಕ್ಕವರು ಪಾಲಿಟೆಕ್ನಿಕ್ಕಿನ ಮೇಷ್ಟ್ರು ರೇಣುಕಾಪ್ರಸಾದ್. ನೋಟ್‌ಬುಕ್ ತಿರುವಿ ನೋಡಿ, "ಮೇಡಂ, ಇದನ್ನ ವೆಬ್‌ಸೈಟ್ ಮಾಡೋಣ," ಎಂದವರು ಅವರೇ.

ಹಾಗಾದರೆ ಎಲ್ಲರ ಹಾಗೆ ಯಾವುದೋ ದೂರದ ಕಂಪನಿಯ ಕಂಪ್ಯೂಟರಿನಲ್ಲಿ ಜಾಗ ತೆಗೆದುಕೊಂಡು ಇಡಬಹುದಿತ್ತಲ್ಲ? ಮೇಷ್ಟ್ರು ಅದನ್ನೇ ಹೇಳಿದರು. ದಾಕ್ಷಾಯಣಿ ಒಪ್ಪಲಿಲ್ಲ.

"ಅಲ್ಲಿ ಯಾರು ಕೂತಿರ್ತಾರೆ ಸಾರ್?"

"ಗೊತ್ತಿಲ್ಲ ಮೇಡಂ."

"ಮತ್ತೆ ಗೊತ್ತಿಲ್ದೋರ ಮನೇಲಿ ಆರ್ನೂರು ಹೆಣ್ಮಕ್ಳ ನಂಬರ್ ಹೆಂಗಿಡ್ಲಿ?"

ಈ ಹೆದರಿಕೆಗೆ ಕಾರಣ ಇತ್ತು. ಮೊದಲೊಂದು ಸಲ, ಹುಲಿಯೂರುದುರ್ಗ ಕಡೆಯ ಒಬ್ಬ ಟೀಚರಮ್ಮ ರಕ್ತ ಕೊಟ್ಟು ಬಂದಾಗ, ಆಸ್ಪತ್ರೆಯೊಂದರಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅವರ ಹೆಸರು, ನಂಬರನ್ನು ಬೋರ್ಡಿನ ಮೇಲೆ ಬರೆದಿದ್ದರು. ಎರಡು ತಿಂಗಳು ಆಕೆಯ ಫೋನಿಗೆ ಹೊತ್ತಲ್ಲದ ಹೊತ್ತಲ್ಲಿ ಕರೆ. ರಕ್ತ ಬೇಕಾದವರದ್ದಲ್ಲ. ಕೊನೆಗೆ ಮಾವನವರು ಸಿಮ್ ಮುರಿದು ಹಾಕಿದರು. ಆಕೆ ಮತ್ತೆ ರಕ್ತ ಕೊಡಲು ಬರಲಿಲ್ಲ. "ಅವ್ರ ಹೆಸ್ರು ಕೇಳ್ಬೇಡಿ," ಎನ್ನುತ್ತಾರೆ ದಾಕ್ಷಾಯಣಿ. ಕೇಳಲಿಲ್ಲ.

ಹೀಗಾಗಿ 2006ರ ಜನವರಿಯಲ್ಲಿ ಬೂತಿನ ಹಳೇ ಫೋನ್ ಲೈನೇ ಬ್ರಾಡ್‌ಬ್ಯಾಂಡ್ ಆಗಿ ಮನೆಗೆ ಬಂತು. ಕಂಪ್ಯೂಟರು, ಯುಪಿಎಸ್ ಎರಡನ್ನೂ ಕೊಟ್ಟವರು ತುಮಕೂರಿನ ಸಿಮೆಂಟ್ ವ್ಯಾಪಾರಿ ಚೌಡಪ್ಪ. ಸ್ವತಃ ಹನ್ನೆರಡು ಸಲ ರಕ್ತ ಕೊಟ್ಟವರು. ಮನೆಯ ರಾಗಿ ಡ್ರಮ್ಮಿನ ಮೇಲೆ ಹಲಗೆ ಹಾಕಿ ವೆಬ್‌ಸೈಟ್ ನಡೆಸುವ ಆ ಕಂಪ್ಯೂಟರನ್ನು, ಅಂದರೆ ಸರ್ವರನ್ನು, ಕೂರಿಸಲಾಯಿತು. ಮೊದಲ ವಾರವೇ ಮೇಷ್ಟ್ರು ಬಾಗಿಲು ತಟ್ಟಿದವರ ದಾಖಲೆಯಾದ ಲಾಗ್ ಫೈಲ್ ತೆರೆದು ತೋರಿಸಿದಾಗ ದಾಕ್ಷಾಯಣಿ ಹೆದರಿಬಿಟ್ಟರಂತೆ. ಇನ್ನೂ ಯಾರಿಗೂ ವಿಳಾಸವೇ ಹೇಳಿಲ್ಲ, ಆಗಲೇ ಮುನ್ನೂರು ಜನ ಬಾಗಿಲು ತಟ್ಟಿದ್ದಾರೆ!

ಹೆದರಿದವರು ಹಿಂದೆ ಸರಿಯಲಿಲ್ಲ, ಕಲಿತರು. ರೂಟ್ ಎಂಬ ಯಂತ್ರದ ಯಜಮಾನನ ಹೆಸರಿನಲ್ಲಿ ಹೊರಗಿಂದ ಯಾರೂ ಒಳಗೆ ಬಾರದಂತೆ ಮೊದಲು ಮುಚ್ಚಿದರು. ನಾಲ್ಕು ಸಲ ತಪ್ಪು ಪಾಸ್‌ವರ್ಡ್ ಕೊಟ್ಟ ವಿಳಾಸಕ್ಕೆ ತಾನಾಗೇ ಬೀಗ ಬೀಳುವ ಹಾಗೆ ಮೇಷ್ಟ್ರು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟರು. ಅದರಿಂದ ಫಜೀತಿಯೂ ಆಗುತ್ತಿತ್ತು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ ಕಾಂತೇಶ್ ಹನ್ನೊಂದು ಜನರಲ್ಲಿ ಒಬ್ಬರು. ವಾರಕ್ಕೊಮ್ಮೆ ಪಾಸ್‌ವರ್ಡ್ ಮರೆಯುವುದು ಅವರ ಪದ್ಧತಿ. ಪಕ್ಕದ ಸೈಬರ್ ಸೆಂಟರಿನಲ್ಲಿ ಕೂತು ನಾಲ್ಕು ಸಲ ತಪ್ಪು ಹೊಡೆದರೆ ಇಡೀ ಸೈಬರ್ ಸೆಂಟರಿಗೇ ಬೀಗ.

"ಅಕ್ಕ, ಮತ್ತೆ ಆಚೆ ಹಾಕ್ಬಿಡ್ತು ಕಣಕ್ಕ."

"ನಿನ್ ಅಂಗ್ಡೀಲಿ ಸಾವ್ರ ಮಾತ್ರೆ ಹೆಸ್ರು ನೆನಪಿಟ್ಕೋತೀಯ, ಇದೊಂದ್ ಪದ ಆಗಲ್ವೇನಪ್ಪ?"

"ಮಾತ್ರೆಗೆ ಡಾಕ್ಟ್ರು ಚೀಟಿ ಕೊಡ್ತಾರಕ್ಕ."

ಹೀಗೆ ನಗುತ್ತಾ ಎರಡು ವರ್ಷ ಸಾಗಿತು. 2008ರ ಜನವರಿಯಲ್ಲಿ ಎರಡನೇ ವಾರ್ಷಿಕೋತ್ಸವ. ಸಮಾರಂಭ ಎಂದ ಮೇಲೆ ಆಮಂತ್ರಣ ಪತ್ರಿಕೆ ಬೇಡವೇ? ಪತ್ರಿಕೆ ಎಂದ ಮೇಲೆ ಕೆಳಗೆ 'ಸುಖಾಗಮನ ಬಯಸುವವರು' ಎಂದು ಹೆಸರಿನ ಸಾಲು ಬೇಡವೇ? ಹನ್ನೊಂದು ಕಾರ್ಯಕರ್ತರಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಮೂರು ದಿನ ಜಗಳ ನಡೆಯಿತು. ವಯಸ್ಸಿನ ಪ್ರಕಾರ ಎಂದರೆ ಒಬ್ಬರು ಮುನಿಸಿಕೊಂಡರು, ಅಕ್ಷರದ ಪ್ರಕಾರ ಎಂದರೆ ಇನ್ನೊಬ್ಬರು. ಕೊನೆಗೆ ಬಸವಲಿಂಗಮ್ಮನವರೇ ಪಂಚಾಯ್ತಿ ಮಾಡಿ, ದೂರದೂರಿನವರು ಮೊದಲು, ಗುಬ್ಬಿಯವರು ಕೊನೆಗೆ ಎಂದು ತೀರ್ಪು ಕೊಟ್ಟರು. ಶಾಮಿಯಾನವನ್ನು ಬಾಡಿಗೆ ಇಲ್ಲದೆ ಹಾಕಿಕೊಟ್ಟ ಅಡವಿಯಪ್ಪನ ಹೆಸರನ್ನೂ ಮರ್ಯಾದೆಗೆಂದು ಏಳನೆಯದಾಗಿ ಸೇರಿಸಿದರು. ಒಟ್ಟು ಹನ್ನೆರಡು ಹೆಸರು. ಮುನ್ನೂರು ಪತ್ರಿಕೆ ಹಂಚಿದರು.

ಫೆಬ್ರವರಿಯಲ್ಲಿ ಚೌಡಪ್ಪ ಮನೆಗೆ ಬಂದರು. ಸಿಮೆಂಟಿನ ಜೊತೆಗೆ ಈಗ ಸೈಟ್ ವ್ಯಾಪಾರವನ್ನೂ ಹಿಡಿದಿದ್ದರು. ತುಮಕೂರಿನ ಆಚೆ ಹೊಸ ಲೇಔಟು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ವಿಷಯಕ್ಕೆ ಬಂದರು.

"ಒಂದ್ ಸಣ್ ಉಪಕಾರ ತಂಗಿ. ಆ ನಂಬರ್ ಲಿಸ್ಟ್ ಒಂದ್ ಕಾಪಿ ಕೊಡು. ಎಲ್ರಿಗೂ ಒಂದೇ ಒಂದು ಮೆಸೇಜ್ ಬಿಡ್ತೀನಿ."

"ಅದಾಗಲ್ಲ ಅಣ್ಣ."

"ಮೆಸೇಜ್ ಹೋದ್ರೆ ಯಾರ್ ಮೈಯ್ಯಾಗಿನ ರಕ್ತ ಕಡ್ಮೆ ಆಗುತ್ತೆ ಹೇಳು?"

"ಆಗಲ್ಲ ಅಂದ್ನಲ್ಲ ಅಣ್ಣ. ಇನ್ನೊಂದ್ ಲೋಟ ಕಾಫಿ ಬೇಕಾದ್ರೆ ಕೊಡ್ತೀನಿ."

ಚೌಡಪ್ಪ ನಕ್ಕು, "ಬಲೇ ಗಟ್ಟಿಗಿತ್ತಿ ಬುಡು," ಎಂದು ಎದ್ದು ಹೋದರು. ಅಲ್ಲಿಗೆ ಮುಗಿಯಿತು ಎಂದುಕೊಂಡರು ದಾಕ್ಷಾಯಣಿ.

ಮಾರ್ಚಿನ ಒಂದು ಗುರುವಾರ ಬೆಳಿಗ್ಗೆ ಎಂದಿನಂತೆ ಲಾಗ್ ನೋಡುತ್ತಿದ್ದವರ ಕಣ್ಣು ನಿಂತುಬಿಟ್ಟಿತು. ರೂಟ್, ಅಡ್ಮಿನ್, ಟೆಸ್ಟ್ ನಡುವೆ ಒಂದು ಹೆಸರು: ಕಾಂತೇಶ್. ಮೂರು ಸಲ ತಪ್ಪು. ಪಾಪ, ಮತ್ತೆ ಮರೆತಿದ್ದಾನೆ ಎಂದು ಫೋನ್ ಮಾಡಿದರು.

"ಇಲ್ಲಕ್ಕ, ನಾನಿನ್ನೂ ಹಾಸಿಗೆ ಬಿಟ್ಟೇ ಎದ್ದಿಲ್ಲ!"

ಕೆಳಗೆ ರವೀಶ್, ಮೂರು ಸಲ. ಆಮೇಲೆ ಶೃತಿ. ಆಮೇಲೆ ಇನ್ನೊಬ್ಬರು. ಕಾರ್ಯಕರ್ತರ ಹೆಸರೇ ಲಾಗಿನ್ ಹೆಸರು, ಆದರೆ ಅದು ಹೊರಗಿನವರಿಗೆ ಹೇಗೆ ಗೊತ್ತು? ಬೀಗ ಬಿದ್ದಾಗಲೆಲ್ಲ ವಿಳಾಸ ಬದಲಾಗುತ್ತಿತ್ತು. ಮೋಡೆಮ್ ಆಫ್ ಮಾಡಿ ಆನ್ ಮಾಡಿದರೆ ಹೊಸ ವಿಳಾಸ ಸಿಗುತ್ತದೆ, ಅಷ್ಟು ತಿಳಿದವನೇ ಇವನು. ಆದರೆ ಪ್ರತಿ ಹೊಸ ವಿಳಾಸವೂ ದಾಕ್ಷಾಯಣಿಯ ಮನೆಯ ನೆಟ್ ವಿಳಾಸ ಯಾವ ಅಂಕಿಯಿಂದ ಶುರುವಾಗುತ್ತದೋ ಅದೇ ಅಂಕಿಯಿಂದ ಶುರು. ಚೀನಾ ಅಲ್ಲ, ಬ್ರೆಜಿಲ್ ಅಲ್ಲ. ಕಳ್ಳ ಇಲ್ಲೇ ಎಲ್ಲೋ ಇದ್ದಾನೆ.

ಏಳನೇ ಹೆಸರು ನೋಡಿದ ದಾಕ್ಷಾಯಣಿ ಕುರ್ಚಿ ಬಿಟ್ಟು ಎದ್ದರು. ಅಡವಿಯಪ್ಪ.

"ಅಡವಿಯಪ್ಪಂಗೆ ಲಾಗಿನ್ನೇ ಇಲ್ಲ! ಅವ್ರಿಗೆ ಕಂಪ್ಯೂಟರ್ ಮುಟ್ಟಿಯೂ ಗೊತ್ತಿಲ್ಲ. ಶಾಮಿಯಾನ ಹಾಕ್ದೋರ ಹೆಸ್ರಲ್ಲಿ ಯಾಕಪ್ಪ ಬಾಗ್ಲು ತಟ್ತಾನೆ ಇವ್ನು?" ಎಂದು ಈಗಲೂ ಆ ಬೆಳಗನ್ನು ಹೇಳುವಾಗ ಅವರ ದನಿ ಏರುತ್ತದೆ. ಓಡಿ ಹೋಗಿ ದೇವರ ಕೋಣೆಯ ಗೂಡಿನಿಂದ ಆಮಂತ್ರಣ ಪತ್ರಿಕೆ ತಂದರು. ಪರದೆಯ ಪಕ್ಕ ಹಿಡಿದರು. ಮೊದಲನೆಯದರಿಂದ ಹನ್ನೆರಡನೆಯದರವರೆಗೆ ಅದೇ ಹೆಸರು, ಅದೇ ಸಾಲು. ಮೂರು ದಿನ ಜಗಳವಾಡಿ ಮಾಡಿದ್ದ ಆ ಸಾಲನ್ನು ಪ್ರಪಂಚದಲ್ಲಿ ಇನ್ನಾರೂ ಹಾಗೆ ಜೋಡಿಸಲು ಸಾಧ್ಯವೇ ಇಲ್ಲ! ಕಳ್ಳ ಸುಖಾಗಮನ ಬಯಸುವವರ ಪಟ್ಟಿಯನ್ನೇ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಹೊಡೆಯುತ್ತಿದ್ದಾನೆ.

"ತಪ್ಪು ನಮ್ದೇ," ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. "ಮನೆ ಬೀಗದ ಅರ್ಧ ಕೀನ ನಾವೇ ಬಣ್ಣದ ಕಾಗ್ದದ ಮೇಲೆ ಅಚ್ಚು ಹಾಕ್ಸಿ, ಅರಿಶ್ನ ಕುಂಕುಮ ಹಚ್ಚಿ, ಮನೆ ಮನೆಗೆ ಹೋಗಿ ಕೊಟ್ಟು ಬಂದಿದ್ವಿ." ಉಳಿದರ್ಧದ ಸ್ಥಿತಿ ಇನ್ನೂ ಚೆನ್ನಾಗಿತ್ತು. ಅವತ್ತೇ ಒಬ್ಬೊಬ್ಬರನ್ನೂ ಫೋನಿನಲ್ಲಿ ಹಿಡಿದು ವಿಚಾರಿಸಿದರೆ, ಹನ್ನೊಂದರಲ್ಲಿ ಆರು ಜನರ ಪಾಸ್‌ವರ್ಡ್ ಒಂದೇ, ಸಿದ್ದಲಿಂಗ! ಯಡಿಯೂರಿನ ದೇವರು ಕಾಯುತ್ತಾನೆ ಎಂಬ ನಂಬಿಕೆ. ಒಬ್ಬರಿಗೊಬ್ಬರು ಹೇಳಿಕೊಂಡೂ ಇರಲಿಲ್ಲ. ಕಳ್ಳನೂ ಇದೇ ಜಿಲ್ಲೆಯವನಾದರೆ ಅವನ ಬಾಯಿಗೂ ಆ ಹೆಸರು ಬರಲು ಎಷ್ಟು ಹೊತ್ತು ಬೇಕು? ದಾಕ್ಷಾಯಣಿ ನೆಟ್ ಕೇಬಲ್ ಕಿತ್ತು, ಸಂಜೆಯೊಳಗೆ ಹನ್ನೊಂದೂ ಲಾಗಿನ್ನಿನ ಹೆಸರು, ಪಾಸ್‌ವರ್ಡ್ ಎಲ್ಲ ಬದಲಾಯಿಸಿ, ಆಮೇಲೆ ಮತ್ತೆ ಸಿಕ್ಕಿಸಿದರು.

ಬಾಗಿಲು ಭದ್ರವಾಯಿತು. ಬೇರೆಯವರಾಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಇವರಿಗೆ ಕಳ್ಳ ಯಾರೆಂದು ತಿಳಿಯಲೇಬೇಕಿತ್ತು.

"ಅಡವಿಯಪ್ಪನ ಹೆಸ್ರಲ್ಲಿ ಬಾಗ್ಲು ತಟ್ದ ಅಲ್ವಾ? ತೆಗ್ಯೋಣ ಸಾರ್," ಎಂದರು ಮೇಷ್ಟ್ರಿಗೆ. ರೇಣುಕಾಪ್ರಸಾದ್ ಮೊದಲು ಬೆಚ್ಚಿದರೂ ಆಮೇಲೆ ಅರ್ಥವಾಗಿ ಕುರ್ಚಿ ಎಳೆದುಕೊಂಡು ಕೂತರು. ಅಡವಿಯಪ್ಪನ ಹೆಸರಿನಲ್ಲಿ ಒಂದು ಲಾಗಿನ್ ಹುಟ್ಟಿತು. ಪಾಸ್‌ವರ್ಡ್ ಕೂಡ ಅಡವಿಯಪ್ಪ ಎಂದೇ. ಒಳಗೆ ಹೋದರೆ ಸಿಗುವುದು ನಿಜವಾದ ಪಟ್ಟಿಯಲ್ಲ, ನಲವತ್ತು ಸುಳ್ಳು ಹೆಸರು, ನಲವತ್ತಕ್ಕೂ ಒಂದೇ ಫೋನ್ ನಂಬರು. ನಂಬರು ಬಸವಲಿಂಗಮ್ಮನವರ ಹೊಸ ಮೊಬೈಲಿನದು. ಹೆಸರು ಹೇಳಿಕೊಟ್ಟವರೂ ಅವರೇ. ತೀರಿಕೊಂಡ ಚಿಕ್ಕಮ್ಮಂದಿರು, ಸೋದರತ್ತೆಯರು ಎಲ್ಲ ಮುಗಿದು ಮೂವತ್ತೆಂಟಕ್ಕೆ ನಿಂತಿತು.

"ಇನ್ನೆರಡ್ ಹೇಳಿ ಅತ್ತೆ."

"ಕೆಂಪಮ್ಮ, ಕಾಳಮ್ಮ ಅಂತ ಬರ್ಕೊ."

"ಅವ್ರ್ಯಾರು?"

"ನಮ್ಮಟ್ಟಿ ಎಮ್ಮೆಗ್ಳು ಕಣೇ. ಒಂದೊಂದೂ ಐದೈದ್ ಸೇರು ಕರೀತಿದ್ವು."

ನಾಲ್ಕನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಸವಲಿಂಗಮ್ಮನವರ ಸೊಂಟದ ಚೀಲದಲ್ಲಿ ಟಿಣ್ ಎಂದಿತು. ಮತ್ತೆ ಟಿಣ್. ಮತ್ತೆ, ಮತ್ತೆ, ನಿಲ್ಲುವ ಲಕ್ಷಣವೇ ಇಲ್ಲ. ಮುದುಕಿ ಫೋನನ್ನು ಚೇಳು ಹಿಡಿದ ಹಾಗೆ ದೂರ ಹಿಡಿದು, "ಏ ದಾಕ್ಷಿ, ಇದುಕ್ಕೇನೋ ಬಿಕ್ಕಳಿಕೆ ಬಂದೈತೆ ಬಾರೇ!" ಎಂದು ಕೂಗಿದರು. ದಾಕ್ಷಾಯಣಿ ಅನ್ನದ ಕೈ ಒರೆಸಿಕೊಂಡು ಓದಿದರು. ಇಂಗ್ಲಿಷ್ ಅಕ್ಷರದ ಕನ್ನಡ: ನಮಸ್ಕಾರ ಕೆಂಪಮ್ಮನವರೇ, ತುಮಕೂರಿನಲ್ಲಿ ನಿಮ್ಮ ಕನಸಿನ ಸೈಟು ನಿಮಗಾಗಿ ಕಾಯುತ್ತಿದೆ. ಕೆಳಗೆ ಚೌಡಪ್ಪನವರ ಆಫೀಸಿನ ನಂಬರು.

ಬಸವಲಿಂಗಮ್ಮನವರಿಗೆ ನಗು ತಡೆಯಲಾಗಲಿಲ್ಲ. "ಸತ್ತೋಗಿ ಮೂವತ್ ವರ್ಷ ಆದ್ಮೇಲೆ ನಮ್ ಎಮ್ಮೆಗೆ ಸೈಟ್ ಬಂತಲ್ಲೇ!" ದಾಕ್ಷಾಯಣಿಗೆ ನಗು ಬರಲಿಲ್ಲ. ಆ ಕ್ಷಣದವರೆಗೂ ಅದು ಚೌಡಪ್ಪಣ್ಣ ಆಗಿರದಿರಲಿ ಎಂದು ಅವರು ಒಳಗೊಳಗೇ ಬೇಡಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ ಸರ್ವರ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಪಟ್ಟಿ ಇದ್ದ ಹಾರ್ಡ್‌ಡಿಸ್ಕ್ ಹೊರತೆಗೆದು ಟ್ರಂಕಿನಲ್ಲಿಟ್ಟರು. ಉಳಿದ ಡಬ್ಬ, ಯುಪಿಎಸ್ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ, ಪ್ಯಾಸೆಂಜರ್ ರೈಲಿನಲ್ಲಿ ತುಮಕೂರಿಗೆ ಹೊತ್ತು, ಚೌಡಪ್ಪನವರ ಗಾಜಿನ ಮೇಜಿನ ಮೇಲೆ ಇಳಿಸಿದರು. ಪಕ್ಕದಲ್ಲಿ ಅತ್ತೆಯ ಮೊಬೈಲು.

"ಕೆಂಪಮ್ಮ ನಮ್ಮನೆ ಎಮ್ಮೆ ಅಣ್ಣ. ಅದುಕ್ಕೆ ಸೈಟ್ ಬೇಡ್ವಂತೆ."

ಚೌಡಪ್ಪನವರ ಮುಖ ಒಂದು ಸಲ ಇಳಿಯಿತು. ಆಮೇಲೆ ಗಟ್ಟಿಯಾಯಿತು. "ಆಫೀಸ್‌ನೋರು ಏನೋ ಮಾಡವ್ರೆ. ಅದುಕ್ಯಾಕೆ ಇಷ್ಟೊಂದ್ ರಂಪ? ಅಲ್ಲಮ್ಮ, ಕಂಪ್ಯೂಟರ್ ಕೊಟ್ಟೋನು ನಾನು. ಅದ್ರೊಳಗಿರೋದನ್ನ ನೋಡೋ ಹಕ್ಕು ನಂಗಿಲ್ವಾ?"

"ಡಬ್ಬ ನಿಮ್ದು, ತಗೊಳಿ. ಒಳಗಿನ ಹೆಸ್ರು ನಿಮ್ದಲ್ಲ. ನಂದೂ ಅಲ್ಲ."

"ಕೂತ್ಕೊ. ಬಿಸಿ ಆಗ್ಬೇಡ. ಹೊಸ ಸರ್ವರ್ ಕೊಡಿಸ್ತೀನಿ. ಹೆಂಗಸ್ರದ್ದು ಬೇಡ, ಬುಡು. ಗಂಡಸ್ರ ನಂಬರ್ ಅಷ್ಟೇ ಕೊಡು. ಅವ್ರಿಗೇನು ತೊಂದ್ರೆ?"

"ಕೊಟ್ಟೋರನ್ನ ಕೇಳಿ ಬರ್ತೀನಿ. ಸಾವ್ರದಿನ್ನೂರೈವತ್ತೊಂದು ಜನ ಅವ್ರೆ. ಎಲ್ರೂ ಹೂಂ ಅಂದ್ರೆ ನಾನೇ ತಂದ್ಕೊಡ್ತೀನಿ."

"ಬರೀ ಹಠ! ಈ ಡಬ್ಬ ಇಲ್ದೆ ಹೆಂಗ್ ನಡೆಸ್ತೀಯ ನೋಡ್ತೀನಿ."

"ನೋಡಿ ಅಣ್ಣ. ಬೂತ್ ಇದ್ದಾಗ ಡಬ್ಬ ಇರ್ಲಿಲ್ಲ."

ಮಾತು ಸುಲಭ, ದಿನ ಕಳೆಯುವುದು ಕಷ್ಟ. ಹತ್ತೊಂಬತ್ತು ದಿನ ಸರ್ವರ್ ಇರಲಿಲ್ಲ. ಹಾರ್ಡ್‌ಡಿಸ್ಕನ್ನು ಬೇರೆಯವರ ಕಂಪ್ಯೂಟರಿಗೆ ಸಿಕ್ಕಿಸಲು ದಾಕ್ಷಾಯಣಿ ಒಪ್ಪಲಿಲ್ಲ, ಕೈಯಲ್ಲಿದ್ದದ್ದು ಆರು ತಿಂಗಳ ಹಿಂದಿನ ಪ್ರಿಂಟ್‌ಔಟ್. ಅಷ್ಟರಲ್ಲಿ ಎಷ್ಟೋ ಜನ ಸಿಮ್ ಬದಲಾಯಿಸಿದ್ದರು. ಹನ್ನೊಂದು ಜನರಲ್ಲಿ ಇಬ್ಬರು ಬಿಟ್ಟು ಹೋದರು, ಅವರ ಜಾಗಕ್ಕೆ ಬೇರೆ ಇಬ್ಬರು ಬಂದದ್ದು ಎಷ್ಟೋ ತಿಂಗಳ ಮೇಲೆ. ಕಾಂತೇಶ್ ಬಿಡಲಿಲ್ಲ, ಆದರೆ ಬೈದರು. "ಅಕ್ಕ, ದುಡುಕ್ಬಿಟ್ರಿ. ಕಳ್ಳ ಸಿಕ್ಕಿದ್ದ, ಬಾಗ್ಲೂ ಗಟ್ಟಿ ಆಗಿತ್ತು. ಸುಮ್ನೆ ಇದ್ದಿದ್ರೆ ಕಂಪ್ಯೂಟರ್ ಆದ್ರೂ ಉಳೀತಿತ್ತು." ದಾಕ್ಷಾಯಣಿ ಉತ್ತರ ಕೊಟ್ಟದ್ದು ಒಂದೇ. "ಅವ್ರ ಡಬ್ಬ ನಮ್ಮನೇಲಿರೋ ತನ್ಕ ಅವ್ರು ಕೇಳ್ತಾನೇ ಇರ್ತಾರೆ ಕಣೋ. ಇವತ್ತು ನಾನು ಆಗಲ್ಲ ಅಂತೀನಿ. ನನ್ ಮೈ ಹುಷಾರಿಲ್ದೇ ಇರೋ ದಿನ ಯಾರು ಅಂತಾರೆ?"

ಹದಿಮೂರನೇ ದಿನ ಬೆಳಿಗ್ಗೆ ಫೋನು ಬಂತು. ಹುತ್ರಿದುರ್ಗದ ಒಬ್ಬ ಬಾಣಂತಿ, ಕುಣಿಗಲ್ಲಿನಿಂದ ತುಮಕೂರಿನ ಆಸ್ಪತ್ರೆಗೆ ಸಾಗಿಸಿದ್ದಾರೆ, ಓ ನೆಗೆಟಿವ್ ಬೇಕು. ಸರ್ವರ್ ಇದ್ದಿದ್ದರೆ ನಲವತ್ತು ನಿಮಿಷದ ಕೆಲಸ. ದಾಕ್ಷಾಯಣಿ ಪ್ರಿಂಟ್‌ಔಟ್ ಹಿಡಿದು ನೆಲದ ಮೇಲೆ ಕೂತು ಮೂವತ್ತೊಂದು ಕರೆ ಮಾಡಿದರು. ಈ ನಂಬರು ಚಾಲ್ತಿಯಲ್ಲಿಲ್ಲ, ಈ ನಂಬರು ಚಾಲ್ತಿಯಲ್ಲಿಲ್ಲ. ಮೂವತ್ತೆರಡನೆಯದಕ್ಕೆ ಒಬ್ಬ ಹೆಂಗಸು ಎತ್ತಿದರು. ಮನೆಯಲ್ಲಿ ಯಡಿಯೂರಿಗೆ ಪೂಜೆ ಮಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ, ತುಮಕೂರಿನ ಬಸ್ ಹತ್ತಿ ಹೋಗಿ ಕೊಟ್ಟರು. ಅಷ್ಟು ಹೊತ್ತಿಗೆ ಐದು ಗಂಟೆ ಕಳೆದಿತ್ತು. ಬಾಣಂತಿ ಉಳಿದಳು. ಉಳಿದದ್ದರಿಂದ ಈ ಲೇಖನ ಇದೆ. ಇಲ್ಲದಿದ್ದರೆ ದಾಕ್ಷಾಯಣಿ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

ಕೊನೆಗೆ ಸರ್ವರ್ ಬಂದದ್ದು ತುಂಡು ತುಂಡಾಗಿ. ಮೇಷ್ಟ್ರ ಹಳೇ ಮದರ್‌ಬೋರ್ಡು, ಕುಣಿಗಲ್ ಸೈಬರ್ ಸೆಂಟರಿನವರು ಎಸೆಯಬೇಕೆಂದಿದ್ದ ಕ್ಯಾಬಿನೆಟ್ಟು, ಕಾರ್ಯಕರ್ತ ರವೀಶ್ ತಮ್ಮ ಕಂಪ್ಯೂಟರಿನಿಂದಲೇ ಕಿತ್ತು ತಂದ ಮೆಮೊರಿ. ಯುಪಿಎಸ್ ಇನ್ನೂ ಇಲ್ಲ. ಕರೆಂಟ್ ಹೋದರೆ ಸರ್ವರ್ ಮಲಗುತ್ತದೆ, ಬಂದ ಕೂಡಲೇ ದಾಕ್ಷಾಯಣಿ ಎಬ್ಬಿಸುತ್ತಾರೆ. ಲಾಗಿನ್ ಹೆಸರುಗಳು ಈಗ ಯಾವ ಪತ್ರಿಕೆಯಲ್ಲೂ ಇಲ್ಲ. ಈ ವರ್ಷದ ವಾರ್ಷಿಕೋತ್ಸವದ ಆಮಂತ್ರಣದಲ್ಲಿ ಸುಖಾಗಮನ ಬಯಸುವವರು ಎಂಬಲ್ಲಿ ಅಚ್ಚಾಗಿದ್ದು ಒಂದೇ ಹೆಸರು, ಅಡವಿಯಪ್ಪ. ಅವರು ಅದನ್ನು ಫ್ರೇಮ್ ಹಾಕಿಸಿಕೊಂಡಿದ್ದಾರಂತೆ. ಸನ್ಮಾನ, ಶಾಲು ಏನಾದರೂ ಬೇಕೇ ಎಂದರೆ ದಾಕ್ಷಾಯಣಿ ಕೈ ಅಡ್ಡ ಆಡಿಸುತ್ತಾರೆ. "ನನ್ ಹೆಸ್ರು ಹಾಕಿ, ಫೋಟೋನೂ ಹಾಕಿ. ವೆಬ್‌ಸೈಟ್ ವಿಳಾಸ ಮಾತ್ರ ಹಾಕ್ಬೇಡಿ. ಬೇಕಾದೋರಿಗೆ ಆಸ್ಪತ್ರೆಲೇ ಹೇಳ್ತಾರೆ." ಹಾಕಿಲ್ಲ.

ಇಷ್ಟೆಲ್ಲ ಧೈರ್ಯವಾಗಿ ಹೇಳಿದವರು ಒಂದು ಕಡೆ ಮಾತ್ರ ತಡವರಿಸುತ್ತಾರೆ. ಬಾಣಂತಿ ಮನೆಗೆ ಹೋದ ಒಂದು ವಾರಕ್ಕೆ ಆಕೆಯ ಗಂಡ ಸಿದ್ದಗಂಗಯ್ಯ ಹುತ್ರಿದುರ್ಗದಿಂದ ಎರಡು ಬಸ್ ಬದಲಾಯಿಸಿ ಗುಬ್ಬಿಗೆ ಬಂದರು. ಐದು ಗಂಟೆ ಕಾಯಿಸಿದ್ದಕ್ಕೆ ಜಗಳಕ್ಕೆ ಬಂದಿರಬೇಕು ಎಂದುಕೊಂಡು ದಾಕ್ಷಾಯಣಿ ಸೆರಗು ಬಿಗಿದು ನಿಂತರು. ಆ ಮನುಷ್ಯ ಜಗಳ ಆಡಲಿಲ್ಲ. ಚೀಲ ಬಿಚ್ಚಿದರು. ಒಳಗೆ ಸೀರೆ, ರವಿಕೆ ಕಣ, ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲ, ಬಳೆ.

"ರಕ್ತ ಕೊಟ್ಟೋರು ಒಬ್ಬ ಹೆಂಗಸು ಅಂತ ನರ್ಸಮ್ಮ ಅಂದ್ರು. ನಂಗೆ ಒಡಹುಟ್ಟಿದೋರಿಲ್ಲ ಕಣವ್ವ. ಆಯಮ್ಮಂಗೆ ಮಡಿಲಕ್ಕಿ ಕಟ್ಟಿ ಬರ್ತೀನಿ. ಹೆಸ್ರು, ಊರು ಹೇಳು ಸಾಕು."

"ಹೇಳಕ್ಕಾಗಲ್ಲ ಅಣ್ಣಯ್ಯ."

"ಬಾಗ್ಲಲ್ಲೇ ಕೊಟ್ಟು ಬಂದ್ಬುಡ್ತೀನಿ. ಒಳಿಕೂ ಹೋಗಲ್ಲ."

ಬಾಗಿಲಲ್ಲಿ ನಿಂತರೂ ಸಾಕು, ಯಡಿಯೂರಿನ ಪೂಜೆಯ ಸುಳ್ಳು ಆ ಮನೆಯಲ್ಲಿ ಹೊರಬೀಳುತ್ತದೆ ಎಂದು ದಾಕ್ಷಾಯಣಿಗೆ ಗೊತ್ತು. ಅದನ್ನೂ ಈ ಮನುಷ್ಯನಿಗೆ ಹೇಳುವ ಹಾಗಿಲ್ಲ. ಒಳಗಿಂದ ಬಸವಲಿಂಗಮ್ಮನವರೇ ಕಣ್ಣು ಒರೆಸಿಕೊಳ್ಳುತ್ತಾ, "ಹೇಳ್ಬುಡೇ ದಾಕ್ಷಿ, ತವರು ಸಿಕ್ದಂಗಾಗುತ್ತೆ ರಕ್ತ ಕೊಟ್ಟ ಆ ಮಗೀಗೆ," ಎಂದರು. ದಾಕ್ಷಾಯಣಿ ಒಳಗಿಂದ ಕಾಫಿ ತಂದಿಟ್ಟರು. ಹೆಸರು ಮಾತ್ರ ಹೇಳಲಿಲ್ಲ. ಸಿದ್ದಗಂಗಯ್ಯ ಬಹಳ ಹೊತ್ತು ಕಾದು, ಅಕ್ಕಿ, ಬಳೆ ಎಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡು, ಇಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಹೋದರು.

"ಕದಿಯೋಕ್ ಬಂದೋರ್ಗೆ ಇಲ್ಲ ಅನ್ನೋದು ಕಷ್ಟ ಅಲ್ಲ," ಎನ್ನುತ್ತಾರೆ ದಾಕ್ಷಾಯಣಿ, ಲಾಗ್ ಫೈಲ್ ಮುಚ್ಚದೆ, ಕಣ್ಣು ಪರದೆಯಿಂದ ತೆಗೆಯದೆ. "ದಿನಾ ಸಾವ್ರ ಜನಕ್ಕೆ ಅಂತೀನಿ. ಕೈ ಮುಗ್ದು, ತವರಿನ ಸೀರೆ ಹಿಡ್ಕೊಂಡು ನಿಂತಿದ್ರಲ್ಲ, ಅವ್ರಿಗೆ ಇಲ್ಲ ಅಂದೆ. ಸರಿ ಮಾಡ್ದೆ ಅಂತ್ಲೇ ಇದೀನಿ, ನಾಳೆ ಬಂದ್ರೂ ಅದನ್ನೇ ಹೇಳ್ತೀನಿ. ನೀವೇನಂತೀರಿ? ಆ ಹೆಸ್ರು ನಿಮ್ ಕೈಲಿದ್ದು, ಅವ್ರು ಹಂಗೆ ನಿಮ್ ಮನೆ ಜಗಲಿ ಮೇಲೆ ಕೂತಿದ್ರೆ, ನೀವಾಗಿದ್ರೆ ಏನ್ ಮಾಡ್ತಿದ್ರಿ?"